ಅಜ್ಜಿಯ ಶಾಲೆಯಿಂದ ಮೈಕ್ರೋವೇವ್ ಬೆಂಚಿಗೆ

ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಯಾರು ಎಂದು ಕೇಳಿದರೆ ರಾಜೇಶ್ವರಿ ಚಟರ್ಜಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಸಾಮಾನ್ಯಜ್ಞಾನದ ಪರೀಕ್ಷೆಗೆ ಅಷ್ಟು ಸಾಕು. ನಾನು ಮಾತ್ರ ಈ ಕಥೆಯನ್ನು ಅವರ ಅಜ್ಜಿ ಕಮಲಮ್ಮ ದಾಸಪ್ಪನವರಿಂದ ಶುರು ಮಾಡುತ್ತೇನೆ. ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು ಕಮಲಮ್ಮ. ಓದಿದ್ದನ್ನು ಅವರು ಮನೆಯೊಳಗೆ ಇಟ್ಟುಕೊಳ್ಳಲಿಲ್ಲ. ಗಂಡ ತೀರಿಕೊಂಡವರು, ಗಂಡ ಬಿಟ್ಟುಹೋದವರು, ಓದು ಅರ್ಧಕ್ಕೇ ನಿಂತ ಹೆಂಗಸರು, ಇವರಿಗೆಲ್ಲ ಮತ್ತೆ ಅಕ್ಷರ ಸಿಗಬೇಕೆಂದು ಓಡಾಡಿದರು. ಮಹಿಳಾ ಸೇವಾ ಸಮಾಜದ ಆಸರೆಯಲ್ಲಿ ‘ಸ್ಪೆಷಲ್ ಇಂಗ್ಲಿಷ್ ಸ್ಕೂಲ್’ ಎಂಬ ಶಾಲೆ ಕಟ್ಟಿದರು. ಮೊಮ್ಮಗಳು ರಾಜೇಶ್ವರಿ ಓದಿದ್ದು ಅದೇ ಶಾಲೆಯಲ್ಲಿ.

ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಹೆಣ್ಣುಮಕ್ಕಳ ಶಾಲೆ ಶುರುವಾದದ್ದು 1881ರಲ್ಲಿ. ಮೈಸೂರು ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ. ಮರುವರ್ಷವೇ ಬೆಂಗಳೂರಿಗೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಬಂತು. ಅರಮನೆ, ದಿವಾನರ ಕಚೇರಿ, ಕಮಲಮ್ಮನವರಂಥ ಗಟ್ಟಿ ಹೆಂಗಸರು, ಈ ಮೂರು ಕಡೆಯಿಂದಲೂ ಬೇರೆ ಬೇರೆ ಕಾರಣಕ್ಕೆ ಬಾಗಿಲುಗಳು ತೆರೆದವು. ಒಂದು ಹುಡುಗಿ ಇಂಜಿನಿಯರ್ ಆಗಬೇಕಾದರೆ ಅವಳ ಬುದ್ಧಿಗಿಂತ ಎರಡು ತಲೆಮಾರು ಮೊದಲೇ ಯಾರೋ ಇಂಥ ಕೆಲಸ ಮಾಡಿಟ್ಟಿರಬೇಕು. ನನ್ನ ವೃತ್ತಿಯ ಉದ್ದಕ್ಕೂ ಕಂಡದ್ದರಿಂದ ಇದು ನನ್ನ ಗಟ್ಟಿ ನಂಬಿಕೆ.

ರಾಜೇಶ್ವರಿ ಹುಟ್ಟಿದ್ದು 1922ರ ಜನವರಿಯಲ್ಲಿ, ನಂಜನಗೂಡಿನಲ್ಲಿ. ತಂದೆ ಶಿವರಾಮಯ್ಯನವರು ಅಲ್ಲಿ ವಕೀಲರು. ನಾನೂ ನಂಜನಗೂಡಿನವಳೇ. ನಮ್ಮೂರು ಎಂದರೆ ಶ್ರೀಕಂಠೇಶ್ವರ, ದೊಡ್ಡ ಜಾತ್ರೆ, ರಸಬಾಳೆ, ಹಲ್ಲುಪುಡಿ. ಮಕ್ಕಳಿಗೆ ಊರಿನ ಹೆಮ್ಮೆ ಹೇಳಿಕೊಡುವಾಗ ಇವಿಷ್ಟೂ ಬರುತ್ತವೆ. ಭಾರತದ ಮೈಕ್ರೋವೇವ್ ಇಂಜಿನಿಯರಿಂಗ್‌ಗೆ ಬುನಾದಿ ಹಾಕಿದವರಲ್ಲಿ ಒಬ್ಬರು ಇಲ್ಲಿ ಹುಟ್ಟಿದರು ಎಂದು ಶಾಲೆಯಲ್ಲಿ ನನಗೆ ಯಾರೂ ಹೇಳಲಿಲ್ಲ. ಅವರ ಹೆಸರು ಕಿವಿಗೆ ಬಿದ್ದದ್ದು ಕೆಲಸಕ್ಕೆ ಸೇರಿದ ಮೇಲೆ, ಅದೂ ಒಂದು ಸಂಶೋಧನಾ ಲೇಖನದ ಕೆಳಗಿನ ಹೆಸರಾಗಿ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಗಣಿತದಲ್ಲಿ ಆನರ್ಸ್, ಆಮೇಲೆ ಎಂ.ಎಸ್ಸಿ. ಮಾಡಿದರು. ಅವರು ಇಂಜಿನಿಯರಿಂಗ್ ಕಾಲೇಜಿನ ಗೇಟು ದಾಟಿ ಬಂದವರಲ್ಲ, ಗಣಿತದ ಹಿತ್ತಿಲ ಬಾಗಿಲಿಂದ ಬಂದವರು. 1943ರಲ್ಲಿ ಅವರು ಸೇರಿದ್ದು ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗಕ್ಕೆ, ಕಮ್ಯುನಿಕೇಶನ್ ವಿಷಯದ ಸಂಶೋಧನೆಗೆ.

ಅದಕ್ಕೂ ಹತ್ತು ವರ್ಷ ಮೊದಲು ಅದೇ ಆವರಣದಲ್ಲಿ ನಡೆದದ್ದನ್ನು ಇಲ್ಲಿ ನೆನೆಯಲೇಬೇಕು. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಬಾಂಬೆಯಿಂದ ಬಿ.ಎಸ್ಸಿ. ಮುಗಿಸಿ ಬಂದಾಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಹೆಣ್ಣು ಎಂಬ ಕಾರಣಕ್ಕೇ ಅವಳನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಅವಳು ಹಿಂದೆ ಸರಿಯಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಲಿ, ಕೆಲಸ ಒಪ್ಪಿಗೆಯಾದರಷ್ಟೇ ಮಾನ್ಯತೆ ಎಂಬ ಷರತ್ತಿನ ಮೇಲೆ ಜಾಗ ಸಿಕ್ಕಿತು. ಅವಳ ಕೆಲಸ ನೋಡಿದ ಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. ಮುಂದೆ ಡಾ. ಕಮಲಾ ಸೋಹೊನಿ ಎಂದು ಹೆಸರಾದ ಜೀವರಸಾಯನ ವಿಜ್ಞಾನಿ ಅವರೇ. ಅವರು ಪಟ್ಟ ಅವಮಾನದ ಫಲವನ್ನು ಉಂಡವರು ಅವರ ನಂತರ ಬಂದವರು. ರಾಜೇಶ್ವರಿ ಬಂದ ಹೊತ್ತಿಗೆ ‘ಹುಡುಗಿಯರನ್ನು ಸೇರಿಸಿಕೊಳ್ಳಬಹುದೇ’ ಎಂಬ ಪ್ರಶ್ನೆ ಆ ಆವರಣದಲ್ಲಿ ಒಂದು ಸುತ್ತು ಮುಗಿದಿತ್ತು.

ಅದೇ ಸಮಯಕ್ಕೆ ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು, ಕೈಯಲ್ಲಿ ಎಳೆಗೂಸು ಹಿಡಿದು ತವರಿಗೆ ಬಂದ ಎ. ಲಲಿತಾ ಅವರನ್ನು, ಅಲ್ಲೇ ಪ್ರೊಫೆಸರ್ ಆಗಿದ್ದ ತಂದೆ ಪಪ್ಪು ಸುಬ್ಬರಾವ್ ಪ್ರಿನ್ಸಿಪಾಲರಿಗೆ ಹೇಳಿ ಎಲೆಕ್ಟ್ರಿಕಲ್ ವಿಭಾಗಕ್ಕೆ ಸೇರಿಸಿದರು. ಸಿವಿಲ್ ವಿಭಾಗಕ್ಕೆ ಲೀಲಮ್ಮ ಜಾರ್ಜ್, ಪಿ.ಕೆ. ತ್ರೇಸ್ಯಾ ಬಂದರು. ಲಲಿತಾ ಮುಂದೆ ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಕೆಲಸದಲ್ಲಿ ಕೈಯಾಡಿಸಿದರು. ತ್ರೇಸ್ಯಾ 1971ರಲ್ಲಿ ಕೇರಳ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಆದರು. ಲಲಿತಾಗೆ ಅಪ್ಪ, ರಾಜೇಶ್ವರಿಗೆ ಅಜ್ಜಿ. ಮನೆಯೊಳಗೆ ಇಂಥ ಒಬ್ಬರೂ ಇಲ್ಲದ ಎಷ್ಟು ಹುಡುಗಿಯರು ಲೆಕ್ಕದ ಪುಸ್ತಕ ಮುಚ್ಚಿಟ್ಟರೋ ಎಂದು ಯೋಚಿಸಿದಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1946ರಲ್ಲಿ ದೆಹಲಿಯ ಸರ್ಕಾರ ಹೊರದೇಶದ ಓದಿಗೆ ಪ್ರತಿಭಾವಂತರನ್ನು ಆರಿಸಿ ವಿದ್ಯಾರ್ಥಿವೇತನ ಕೊಡುತ್ತಿತ್ತು. ರಾಜೇಶ್ವರಿ ಆಯ್ಕೆಯಾದರು. ಮರುವರ್ಷ, ಯುದ್ಧದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಹಡಗೊಂದರಲ್ಲಿ, ಇಪ್ಪತ್ತೈದರ ಮದುವೆಯಾಗದ ಹುಡುಗಿ ಅಮೆರಿಕಕ್ಕೆ ಹೊರಟರು. ನಂಜನಗೂಡಿನ ಅಗ್ರಹಾರದ ಬೀದಿಯನ್ನು ಬಲ್ಲವರಿಗೆ ಆ ಕಾಲದಲ್ಲಿ ಇದು ಎಷ್ಟು ದೊಡ್ಡ ಹೆಜ್ಜೆ ಎಂದು ಬಿಡಿಸಿ ಹೇಳಬೇಕಿಲ್ಲ. ಆ್ಯನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮಾಡಿದರು. ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ರೇಡಿಯೋ ಆವರ್ತನಗಳನ್ನು ಅಳೆಯುವ ತರಬೇತಿ ಪಡೆದರು. ಮತ್ತೆ ಮಿಷಿಗನ್‌ಗೆ ಬಂದು ಪ್ರೊ. ವಿಲಿಯಂ ಡೌ ಅವರ ಬಳಿ ಪಿಎಚ್.ಡಿ.ಗೆ ಕೂತರು. ಆಗ ನೆರವಾದದ್ದು ಬಾರ್ಬರ್ ವಿದ್ಯಾರ್ಥಿವೇತನ. ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಮಿಷಿಗನ್ನಿನಲ್ಲಿ ಇಟ್ಟ ದತ್ತಿ ಅದು. ಅದೇ ದತ್ತಿಯಿಂದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ ಅಲ್ಲಿ ಓದಿದ್ದರು. ಊರಲ್ಲೊಂದು ಶಾಲೆ, ದೆಹಲಿಯದೊಂದು ಯೋಜನೆ, ಕಂಡು ಕೇಳದ ದೇಶದವರೊಬ್ಬರು ಇಟ್ಟ ದತ್ತಿ. ಈ ಮೂರರಲ್ಲಿ ಯಾವುದೊಂದು ತಪ್ಪಿದ್ದರೂ ಅವರು ಅಲ್ಲಿಗೇ ನಿಲ್ಲಬೇಕಾಗುತ್ತಿತ್ತು.

1953ರಲ್ಲಿ ಪಿಎಚ್.ಡಿ. ಮುಗಿಸಿ ಬೆಂಗಳೂರಿಗೆ ಮರಳಿದರು. ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ಇಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದರು. ಅದೇ ವರ್ಷ ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ಆಗ ದೇಶದಲ್ಲಿ ಅಂಥದ್ದು ಹೊಸತು. ಯುದ್ಧದ ರೇಡಾರ್‌ನಿಂದ ಹುಟ್ಟಿ ಬೆಳೆದ ವಿದ್ಯೆ ಅದು, ಸಾಮಾನು ಹೊರಗಿನಿಂದ ಬರಬೇಕು, ವಿದೇಶಿ ವಿನಿಮಯಕ್ಕೆ ಕೈ ಬಿಗಿ.

ಅವರ ಕೆಲಸ ಏನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಚಟರ್ಜಿ ದಂಪತಿ ವರ್ಷಗಟ್ಟಲೆ ಹಿಂದೆ ಬಿದ್ದ ವಿಷಯಗಳಲ್ಲಿ ಒಂದು ಮೇಲ್ಮೈ ತರಂಗ. ಸಾಮಾನ್ಯವಾಗಿ ವಿದ್ಯುತ್ ಸಾಗಿಸಲು ಹೋಗುವುದಕ್ಕೊಂದು, ಬರುವುದಕ್ಕೊಂದು, ಎರಡು ತಂತಿ ಬೇಕು. ಆದರೆ ಒಂದೇ ತಂತಿಗೆ ವಿದ್ಯುತ್ ಹರಿಯದ ವಸ್ತುವಿನ ತೆಳು ಲೇಪ ಕೊಟ್ಟರೆ ಮೈಕ್ರೋವೇವ್ ಅಲೆ ಗಾಳಿಗೆ ಚದುರಿಹೋಗದೆ, ಮರದ ಕೊಂಬೆಗೆ ಸುತ್ತಿಕೊಂಡ ಬಳ್ಳಿಯಂತೆ, ಆ ತಂತಿಗೆ ಅಂಟಿಕೊಂಡೇ ಸಾಗುತ್ತದೆ. ಲೇಪ ಎಷ್ಟು ದಪ್ಪವಿರಬೇಕು, ಒಂದರ ಮೇಲೊಂದು ಮೂರು ಪದರ ಹಾಕಿದರೆ ಏನಾಗುತ್ತದೆ, ಅಲೆಯ ಶಕ್ತಿ ತಂತಿಯಿಂದ ಎಷ್ಟು ದೂರದವರೆಗೆ ಹರಡಿರುತ್ತದೆ, ಇದೆಲ್ಲ ಲೆಕ್ಕ ಹಾಕಿ ಅಳೆದು ನೋಡಬೇಕಾದ ವಿಷಯ. ಅದೇ ಅಲೆಯನ್ನು ಬೇಕಾದ ಕಡೆ ಬಿಡಿಸಿ ಹೊರಗೆ ಹಾಯಿಸಿದರೆ ಆ ಸರಳೇ ಆ್ಯಂಟೆನಾ ಆಗುತ್ತದೆ. ವಿಮಾನ, ಬಾಹ್ಯಾಕಾಶ ನೌಕೆಗಳ ಮೈಗೆ ಹೊಂದುವ ಆ್ಯಂಟೆನಾಗಳಿಗೆ ಈ ಜ್ಞಾನ ಬೇಕು. 1982ರಲ್ಲಿ ನಿವೃತ್ತರಾಗುವವರೆಗೆ ಅವರು ಇಪ್ಪತ್ತು ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದರು, ನೂರಕ್ಕೂ ಹೆಚ್ಚು ಲೇಖನ ಬರೆದರು, ವಿಭಾಗದ ಮುಖ್ಯಸ್ಥೆಯೂ ಆದರು. ‘ಎಲಿಮೆಂಟ್ಸ್ ಆಫ್ ಮೈಕ್ರೋವೇವ್ ಇಂಜಿನಿಯರಿಂಗ್’ ಎಂಬ ಅವರ ಪುಸ್ತಕ ನನ್ನ ಕಚೇರಿಯ ಮೇಜಿನ ಮೇಲೆ ಬಹುಕಾಲ ಇತ್ತು. ನಾನು ಅವರ ವಿದ್ಯಾರ್ಥಿನಿಯಲ್ಲ. ಆ ಪುಸ್ತಕದಿಂದ ಕಲಿತವಳು.

ನಾನು ಬಿ.ಇ. ಸೇರಿದ್ದು ಎಪ್ಪತ್ತರ ದಶಕದಲ್ಲಿ, ಎಲೆಕ್ಟ್ರಾನಿಕ್ಸ್‌ಗೆ. “ಹೆಣ್ಣ್‌ಮಗೀಗೆ ಕರೆಂಟಿನ ಕೆಲ್ಸ ಯಾಕಪ್ಪಾ, ಟೀಚರ್ ಓದ್ಸು” ಎಂದು ನಮ್ಮ ಅಜ್ಜಿ ಅಪ್ಪನಿಗೆ ಹೇಳಿದರು. ಅಪ್ಪ, “ಅವ್ಳಿಗೆ ಬಂದಿರೋ ಮಾರ್ಕ್ಸಿಗೆ ಸೀಟು ಸಿಕ್ಕಿದೆ ಅಮ್ಮ, ಓದ್ಲಿ ಬಿಡಿ” ಎಂದರು, ಅಷ್ಟೇ. ಅದಕ್ಕಿಂತ ದೊಡ್ಡ ಪ್ರೋತ್ಸಾಹ ನನಗೆ ಆಮೇಲೂ ಯಾರಿಂದಲೂ ಸಿಗಲಿಲ್ಲ.

ತರಗತಿಯಲ್ಲಿ ನಾವು ಮೂರು ಹುಡುಗಿಯರು. ಮೈಕ್ರೋವೇವ್ ಲ್ಯಾಬಿನಲ್ಲಿ ಎಕ್ಸ್ ಬ್ಯಾಂಡ್ ಬೆಂಚು. ಅದನ್ನು ನೋಡದವರಿಗಾಗಿ ಹೇಳುತ್ತೇನೆ. ಉದ್ದನೆಯ ಮೇಜಿನ ಮೇಲೆ ಆಯತಾಕಾರದ ಹಿತ್ತಾಳೆಯ ಕೊಳವೆಗಳನ್ನು ಒಂದಕ್ಕೊಂದು ಸೇರಿಸಿ ಸ್ಕ್ರೂ ಹಾಕಿರುತ್ತಾರೆ. ಒಳಗಿನ ಅಗಲ 22.86 ಮಿಲಿಮೀಟರ್, ಎತ್ತರ ಅದರ ಅರ್ಧಕ್ಕೂ ಸ್ವಲ್ಪ ಕಡಿಮೆ. ಒಂದು ತುದಿಯಲ್ಲಿ ಅಲೆ ಹುಟ್ಟಿಸುವ ಕ್ಲೈಸ್ಟ್ರಾನ್ ಟ್ಯೂಬು, ಅದರ ಪಕ್ಕ ತಂಪಿಗೆ ಚಿಕ್ಕ ಫ್ಯಾನು. ಸ್ವಿಚ್ಚು ಹಾಕುವುದಕ್ಕೆ ಒಂದು ಕ್ರಮವಿದೆ: ಫ್ಯಾನು, ಆಮೇಲೆ ರಿಪೆಲ್ಲರ್ ವೋಲ್ಟೇಜು, ಕೊನೆಗೆ ಬೀಮ್ ವೋಲ್ಟೇಜು. ಉಲ್ಟಾ ಮಾಡಿದರೆ ಹಿಂದಕ್ಕೆ ತಿರುಗಬೇಕಾದ ಎಲೆಕ್ಟ್ರಾನುಗಳು ನೇರ ಹೋಗಿ ರಿಪೆಲ್ಲರ್‌ಗೆ ಬಡಿದು ಟ್ಯೂಬು ಸುಟ್ಟುಹೋಗುತ್ತದೆ. ಆರಿಸುವಾಗ ಬೀಮ್ ಮೊದಲು. ಮಧ್ಯದಲ್ಲಿ ಮೇಲ್ಭಾಗಕ್ಕೆ ಸೀಳು ಕೊಟ್ಟ ಒಂದು ಕೊಳವೆ. ಆ ಸೀಳಿನೊಳಗೆ ಸೂಜಿಯಂಥ ಪ್ರೋಬು ಇಳಿಬಿಟ್ಟು ಮೆಲ್ಲಗೆ ಸರಿಸಿದರೆ ಮೀಟರಿನ ಮುಳ್ಳು ಏರುತ್ತದೆ, ಇಳಿಯುತ್ತದೆ. ಮುಳ್ಳು ಪೂರ್ತಿ ಇಳಿದ ಕಡೆ ನಿಲ್ಲಿಸಿ ವರ್ನಿಯರ್ ಓದಬೇಕು. ಅಲ್ಲಿಂದ ಮುಂದೆ ಮತ್ತೆ ಇಳಿಯುವ ಜಾಗ 22.4 ಮಿಲಿಮೀಟರಿನ ಹತ್ತಿರ ಬಂದರೆ, ಎರಡರಿಂದ ಗುಣಿಸಿ, ಕೊಳವೆಯ ಅಗಲ ಸೇರಿಸಿ ಲೆಕ್ಕ ಹಾಕಿದಾಗ ಆವರ್ತನ 9.375 ಗಿಗಾಹರ್ಟ್ಸ್ ಸುಮಾರು ಬರುತ್ತದೆ. ಕಣ್ಣಿಗೆ ಕಾಣದ ಅಲೆಯ ಉದ್ದವನ್ನು ಸ್ಕೇಲಿನಲ್ಲಿ ಅಳೆದ ಆ ಮೊದಲ ದಿನದ ಖುಷಿ ನನ್ನಿಂದ ಇವತ್ತಿಗೂ ಹೋಗಿಲ್ಲ.

ಆ ಖುಷಿ ನನಗೆ ಸಿಕ್ಕಿದ್ದು ತಡವಾಗಿ. ಲ್ಯಾಬಿನಲ್ಲಿ ಒಂದು ಅಲಿಖಿತ ನಿಯಮವಿತ್ತು. ಹುಡುಗರು ನಾಬು ತಿರುಗಿಸುವುದು, ನಮ್ಮ ಅಕ್ಷರ ದುಂಡಗೆ ಎಂದು ನಾವು ರೀಡಿಂಗ್ ಬರೆಯುವುದು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ, ಹಾಗೇ ನಡೆದುಬಂದಿತ್ತು. ಒಂದು ಸೆಮಿಸ್ಟರ್ ಪೂರ್ತಿ ರೀಡಿಂಗ್ ಬರೆದವಳನ್ನು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬೆಂಚಿನ ಮುಂದೆ ಒಬ್ಬಳನ್ನೇ ನಿಲ್ಲಿಸಿದರೆ ಕೈ ನಡುಗುವುದು ಸಹಜ. ನಮ್ಮ ಡೆಮಾನ್‌ಸ್ಟ್ರೇಟರ್ ಒಬ್ಬರು ಇದನ್ನು ಗಮನಿಸಿ, “ಈ ವಾರದಿಂದ ನೀನು ತಿರುಗ್ಸಮ್ಮ, ಅವ್ನು ಬರ್ಕೊಳ್ಳಲಿ” ಎಂದರು. ಭಾಷಣವಿಲ್ಲ, ಸಮಾರಂಭವಿಲ್ಲ. ಹುಡುಗಿಯರನ್ನು ಇಂಜಿನಿಯರ್ ಮಾಡುವ ಕೆಲಸ ಬಹುಪಾಲು ಇಂಥ ಮಾತುಗಳಿಂದಲೇ ನಡೆದಿದೆ.

ಬೆಂಗಳೂರಿನ ಕಾರ್ಖಾನೆಗಳ ಚರಿತ್ರೆಯಲ್ಲೂ ಇದೇ ನಿಯಮ ದೊಡ್ಡ ಅಳತೆಯಲ್ಲಿ ಕಾಣುತ್ತದೆ. 1948ರಲ್ಲಿ ಐ.ಟಿ.ಐ., 1954ರಲ್ಲಿ ಬಿ.ಇ.ಎಲ್., 1961ರಲ್ಲಿ ಎಚ್.ಎಂ.ಟಿ.ಯ ಕೈಗಡಿಯಾರದ ಕಾರ್ಖಾನೆ. ಈ ಊರಿನ ಮಧ್ಯಮವರ್ಗದ ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಹೆಣ್ಣುಮಕ್ಕಳ ಕೈಗೆ ತಿಂಗಳ ಸಂಬಳ ಬಂದದ್ದು ಇವುಗಳಿಂದ. ನಮ್ಮ ಚಿಕ್ಕಮ್ಮ ದೂರವಾಣಿನಗರದ ಬಸ್ಸಿಗೆ ಬೆಳಗ್ಗೆ ಆರಕ್ಕೆಲ್ಲ ಡಬ್ಬಿ ಹಿಡಿದು ನಿಂತಿರುತ್ತಿದ್ದರು. ಆ ಕಾರ್ಖಾನೆಗಳನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ಹೆಂಗಸರು ತುಂಬಿದ್ದು ಕಾಯಿಲ್ ಸುತ್ತುವ, ವೈರಿಂಗ್ ಮಾಡುವ, ಸಣ್ಣ ಭಾಗಗಳನ್ನು ಜೋಡಿಸುವ ಸಾಲುಗಳಲ್ಲಿ. ಬೆರಳು ನಯ, ತಾಳ್ಮೆ ಜಾಸ್ತಿ ಎಂದು ಹೇಳಿ ಅಲ್ಲಿ ಕೂರಿಸಿದರು. ಆ ಕೆಲಸ ಸಣ್ಣದಲ್ಲ. ಒಂದು ಕೆಟ್ಟ ಸೋಲ್ಡರಿಂಗ್‌ನಿಂದ ಇಡೀ ಎಕ್ಸ್‌ಚೇಂಜು ನಿಲ್ಲಬಹುದು. ಆದರೂ ಡ್ರಾಯಿಂಗ್ ಶೀಟಿನ ಬಲಗಡೆ ಕೆಳಮೂಲೆಯ ಚೌಕದಲ್ಲಿ ಸಹಿ ಹಾಕುವವರು ಬೇರೆ.

ಆ ಚೌಕ ನನ್ನ ವೃತ್ತಿಜೀವನದ ಅಳತೆಗೋಲು. ಅದರಲ್ಲಿ ಮೂರು ಮನೆ: ಡ್ರಾನ್, ಚೆಕ್ಡ್, ಅಪ್ರೂವ್ಡ್. ನಾನು ಸೇರಿದ ಸಂಸ್ಥೆಯಲ್ಲಿ ವರ್ಷಗಟ್ಟಲೆ ನನ್ನ ಇನಿಷಿಯಲ್ ಮೊದಲ ಮನೆಯಲ್ಲೇ ಕೂತಿತ್ತು. ಲೆಕ್ಕ ನನ್ನದು, ವಿನ್ಯಾಸ ನನ್ನದು, ಚೆಕ್ಡ್ ಎಂಬಲ್ಲಿ ನನಗಿಂತ ಆಮೇಲೆ ಸೇರಿದವರ ಹೆಸರು. ಕಾರಣ ಕೇಳಿದರೆ ಬರುತ್ತಿದ್ದ ಉತ್ತರ ಒಂದೇ. ಆ್ಯಂಟೆನಾ ಅಳತೆ ಬಯಲಿನಲ್ಲಿ, ಟೆರೇಸಿನ ಮೇಲೆ ಆಗುತ್ತದೆ. ಅಕ್ಕಪಕ್ಕದ ಸದ್ದುಗದ್ದಲ, ಓಡಾಟ ಕಡಿಮೆಯಾದ ಮೇಲೆ, ಅಂದರೆ ರಾತ್ರಿ. “ಲೇಡೀಸ್‌ನ ಏಳು ಗಂಟೆ ಮೇಲೆ ಇಟ್ಕೊಳ್ಳೋಹಾಗಿಲ್ಲ ಮೇಡಂ, ರೂಲ್ಸಿದೆ.”

ಆ ರೂಲ್ಸು ಇದ್ದದ್ದು ನಿಜ. 1948ರ ಕಾರ್ಖಾನೆ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಬೆಳಗ್ಗೆ ಆರರಿಂದ ಸಂಜೆ ಏಳರ ನಡುವೆ ಮಾತ್ರ ಹೆಂಗಸರಿಂದ ಕಾರ್ಖಾನೆಯಲ್ಲಿ ಕೆಲಸ ಮಾಡಿಸಬಹುದಿತ್ತು. ಗಿರಣಿಗಳಲ್ಲಿ ಹಗಲು ರಾತ್ರಿ ದುಡಿಸಿ ಹೆಂಗಸರ ಮೈ ಹಣ್ಣು ಮಾಡುತ್ತಿದ್ದ ಕಾಲದ ನೆನಪಿನಲ್ಲಿ ಬಂದ ರಕ್ಷಣೆ ಅದು. ಅದನ್ನು ಬರೆದವರ ಮನಸ್ಸು ಒಳ್ಳೆಯದೇ. ಆದರೆ ಷಿಫ್ಟಿನ ಕಾರ್ಮಿಕರನ್ನು ಕಾಪಾಡಲು ಬರೆದ ಸಾಲನ್ನು ಇಂಜಿನಿಯರುಗಳಿಗೂ ಹಿಡಿದು ತೋರಿಸುತ್ತಿದ್ದರು. ಪರೀಕ್ಷೆ ಅರ್ಧಕ್ಕೆ ಬಿಟ್ಟು ಏಳಕ್ಕೆ ಹೊರಡುವವಳ ಹೆಸರಿನಲ್ಲಿ ಯಾರು ‘ಚೆಕ್ಡ್’ ಎಂದು ಬರೆದಾರು? ಕರ್ನಾಟಕದಲ್ಲಿ ಭದ್ರತೆ, ವಾಹನ, ಒಪ್ಪಿಗೆ ಇತ್ಯಾದಿ ಷರತ್ತುಗಳೊಂದಿಗೆ ಕಾರ್ಖಾನೆಗಳ ರಾತ್ರಿಪಾಳಿ ಹೆಂಗಸರಿಗೆ ತೆರೆದದ್ದು 2019ರಲ್ಲಿ. ಅಷ್ಟು ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ನಾನು ಕಾನೂನು ಬದಲಾಗಲಿ ಎಂದು ಕಾಯಲಿಲ್ಲ. ಬೆಳಗಿನ ಜಾವ ಆರಕ್ಕೆ ಗೇಟು ತೆರೆದ ಕೂಡಲೇ ಟೆರೇಸು ಹತ್ತುತ್ತಿದ್ದೆ. ಎಂಟೂವರೆಯ ಬಸ್ಸುಗಳು ಬರುವ ಮುಂಚೆ ಎರಡು ಗಂಟೆಗೂ ಮೇಲೆ ಸಮಯ ಸಿಗುತ್ತಿತ್ತು. ತಿರುಗುವ ಪೀಠದ ಮೇಲೆ ಆ್ಯಂಟೆನಾ, ಎದುರು ತುದಿಯಲ್ಲಿ ಹಾರ್ನ್, ಪೋಲಾರ್ ಚಾರ್ಟಿನ ಮೇಲೆ ಪೆನ್ನು ತಾನಾಗಿ ಎಳೆಯುವ ಎಲೆಯಾಕಾರದ ಗೆರೆ. ಆ ಚಾರ್ಟುಗಳ ಕಟ್ಟು ದಪ್ಪವಾದ ಮೇಲೆ ಎರಡನೇ ಮನೆಗೆ ನನ್ನ ಸಹಿ ಬಂತು. ಮೂರನೆಯದಕ್ಕೂ ಬಂತು, ಕೂದಲು ನೆರೆತ ಮೇಲೆ.

ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿಗೆ 1968ರಲ್ಲಿ ಒಬ್ಬರೇ ಹುಡುಗಿಯಾಗಿ ಸೇರಿದ ಸುಧಾ ಮೂರ್ತಿಯವರಿಗೆ ಸೀರೆ ಉಡಬೇಕು, ಕ್ಯಾಂಟೀನಿಗೆ ಹೋಗಕೂಡದು ಎಂಬ ಷರತ್ತುಗಳಿದ್ದದ್ದು, ಹೆಂಗಸರಿಗೆ ಶೌಚಾಲಯವೇ ಇರದಿದ್ದದ್ದು, ಆಮೇಲೆ ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದದ್ದು ಕನ್ನಡಿಗರಿಗೆಲ್ಲ ಗೊತ್ತು. ಅದನ್ನು ಮತ್ತೆ ವಿಸ್ತರಿಸುವುದಿಲ್ಲ. ಶೌಚಾಲಯದ ಮಾತೊಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಬೆಳಗ್ಗಿನಿಂದ ಸಂಜೆವರೆಗೆ ನೀರು ಕುಡಿಯದೆ ಲ್ಯಾಬಿನಲ್ಲಿ ನಿಂತವರು ನಮ್ಮ ತಲೆಮಾರಿನಲ್ಲಿ ಬೇಕಾದಷ್ಟು ಮಂದಿ ಇದ್ದೇವೆ. ಕಟ್ಟಡದ ನಕ್ಷೆಯಲ್ಲೇ ಇಲ್ಲದವರಿಗೆ ಆ ಕಟ್ಟಡದೊಳಗೆ ಸ್ವಾಗತವಿದೆ ಎಂದು ಹೇಗೆ ನಂಬಬೇಕು?

ರಾಜೇಶ್ವರಿ ಚಟರ್ಜಿ 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು. ಹತ್ತು ತಿಂಗಳ ನಂತರ, 2011ರ ಜುಲೈ 15ರಂದು, ಶ್ರೀಹರಿಕೋಟದಿಂದ ಜಿಸ್ಯಾಟ್-12 ಹಾರಿತು. ಸಿ ಬ್ಯಾಂಡಿನ 12 ಟ್ರಾನ್ಸ್‌ಪಾಂಡರುಗಳಿದ್ದ ಸಂಪರ್ಕ ಉಪಗ್ರಹ ಅದು, ಎಂದರೆ ಪೂರ್ತಿ ಮೈಕ್ರೋವೇವ್ ಕೆಲಸ. ಯೋಜನಾ ನಿರ್ದೇಶಕಿ ಟಿ.ಕೆ. ಅನುರಾಧಾ. ಬೆಂಗಳೂರಿನವರು, ಯು.ವಿ.ಸಿ.ಇ.ಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ 1982ರಲ್ಲಿ ಇಸ್ರೋ ಸೇರಿದವರು. ರಾಜೇಶ್ವರಿಯವರು ನಿವೃತ್ತರಾದ ವರ್ಷವೇ ಅದು. ಯು.ವಿ.ಸಿ.ಇ. ಎಂದರೆ 1917ರ ಆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೇ. ರಾಕೆಟ್ಟು ಬಿಟ್ಟ ಕಕ್ಷೆಯಿಂದ ಉಪಗ್ರಹವನ್ನು ಮೇಲಕ್ಕೇರಿಸಿ ಅದರ ಸ್ಥಾನಕ್ಕೆ ಸೇರಿಸಿದ್ದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ. ಆ ದಿನಗಳಲ್ಲಿ ಏಳು ಗಂಟೆಗೆ ಮನೆಗೆ ಹೊರಡಿ ಎಂದು ಅಲ್ಲಿ ಯಾರೂ ಹೇಳಿರಲಾರರು.

ಮಾರ್ಚ್ 8 ಬಂದರೆ ನನ್ನನ್ನೂ ಒಂದೆರಡು ಕಾಲೇಜುಗಳಿಗೆ ಕರೆಯುತ್ತಾರೆ. ಶಾಲು ಹೊದಿಸುತ್ತಾರೆ, ಫಲತಾಂಬೂಲ ಕೊಡುತ್ತಾರೆ. ಅವರ ಪ್ರೀತಿ ದೊಡ್ಡದು. ಆಮೇಲೆ ಕೇಳುವ ಪ್ರಶ್ನೆ “ಮನೆ, ಕೆಲಸ ಎರಡನ್ನೂ ಹೇಗೆ ನಿಭಾಯಿಸಿದಿರಿ ಮೇಡಂ?” ಎಂದು. ನನ್ನ ಜೊತೆಗೇ ಕೆಲಸ ಮಾಡಿದ ಗಂಡಸರನ್ನು ಇದೇ ವೇದಿಕೆಗೆ ಕರೆದರೆ ಅವರು ಕಟ್ಟಿದ ರೇಡಾರಿನ ಬಗ್ಗೆ ಕೇಳುತ್ತಾರೆ. ಹೆಣ್ಣುಮಕ್ಕಳನ್ನು ಸನ್ಮಾನಿಸುವುದೆಂದರೆ ಅವರ ಕೆಲಸದ ಬಗ್ಗೆ ವಿವರವಾಗಿ ಕೇಳುವುದು, ಅದರಲ್ಲಿ ತಪ್ಪು ಕಂಡರೆ ವಾದ ಮಾಡುವುದು. ಅದಕ್ಕೇ ಈಚೆಗೆ ಕರೆದವರಿಗೆ ಮೊದಲೇ ಹೇಳುತ್ತೇನೆ: ಶಾಲು ಬೇಡ, ಬೋರ್ಡು ಸೀಮೆಸುಣ್ಣ ಕೊಡಿ, ಒಂದು ಗಂಟೆ ಪಾಠ ಮಾಡುತ್ತೇನೆ, ಆಮೇಲೆ ಲ್ಯಾಬಿಗೆ ಹೋಗೋಣ.

ಮುಂದಿನ ತಿಂಗಳು ನಮ್ಮ ಕಡೆಯ ಒಂದು ಪಾಲಿಟೆಕ್ನಿಕ್‌ಗೆ ಹೋಗಬೇಕಿದೆ. ಕ್ಲೈಸ್ಟ್ರಾನ್ ಈಗ ಇಲ್ಲ, ಅದರ ಜಾಗದಲ್ಲಿ ಗನ್ ಡಯೋಡ್ ಬಂದಿದೆ, ಆದರೆ ಸೀಳು ಕೊಳವೆ, ಪ್ರೋಬು, ವರ್ನಿಯರ್ ಹಾಗೇ ಇವೆ. ಪ್ರಿನ್ಸಿಪಾಲರಿಗೆ ಫೋನಿನಲ್ಲಿ ಎರಡು ವಿಷಯ ಕೇಳಿದೆ. ಲ್ಯಾಬಿಗೆ ಬೀಗ ಹಾಕುವುದು ಎಷ್ಟು ಹೊತ್ತಿಗೆ? ಹಳ್ಳಿ ಕಡೆಯ ಹುಡುಗಿಯರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಬೀಗ ನಾಲ್ಕೂವರೆಗೆ, ಬಸ್ಸು ಆರೂಕಾಲಿಗೆ ಎಂದರು. ನಡುವಿನ ಹೊತ್ತೆಲ್ಲ ಹುಡುಗಿಯರು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾರಂತೆ. ವಾರಕ್ಕೆ ಮೂರು ದಿನ ಲ್ಯಾಬನ್ನು ಆರು ಗಂಟೆವರೆಗೆ ತೆರೆದಿಡಿ, ಆ ಹೊತ್ತಿನಲ್ಲಿ ಬೆಂಚಿನ ಮುಂದೆ ಹುಡುಗಿಯರದೇ ಬ್ಯಾಚ್ ಇರಲಿ, ಅಟೆಂಡರ್‌ಗೆ ಹೆಚ್ಚಿನ ಹೊತ್ತಿನ ಭತ್ಯೆ ನಾನು ಮತ್ತು ನನ್ನ ಇಬ್ಬರು ಹಳೆಯ ಸಹೋದ್ಯೋಗಿಗಳು ಕೊಡುತ್ತೇವೆ ಎಂದೆ. ಪ್ರಿನ್ಸಿಪಾಲರು ಒಪ್ಪಿದ್ದಾರೆ.